ಎಲ್ಲರೂ ನಿಲ್ಲಿಸಿದ ಮೇಲೆ ಬಿದ್ದ ಚಪ್ಪಾಳೆ

"ನೀವು ನಡೀರಿ. ನಾನು ಹಿಂದೇನೇ ಬರ್ತೀನಿ."

ಟೇಪಣ್ಣನಿಗೆ ಅವನ ಹೆಂಡತಿ ಹೇಳಿದ ಕೊನೇ ಮಾತು ಇದು. ಆಸ್ಪತ್ರೆಯ ಎರಡನೇ ಮಹಡಿ. ಅವನು ಕೆಳಗಿಳಿದು ಮಾತ್ರೆ ತರಬೇಕಿತ್ತು. ಬಿಟ್ಟು ಹೋಗೋಕೆ ಮನಸ್ಸಾಗದೆ ಬಾಗಿಲಲ್ಲಿ ನಿಂತಿದ್ದ. ಮಂಚ ಬಿಟ್ಟು ಏಳಲಾರದವಳು ಹಾಗೆ ಯಾಕಂದಳೋ... ಬಾಯಿ ಅಭ್ಯಾಸ ಇರಬೇಕು. ಮೂವತ್ತಾರು ವರ್ಷ, ಮನೆ ಬಿಡುವಾಗೆಲ್ಲ ಇದೇ ಮಾತು. ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ, ಬೀಗ ಎಳೆದು ನೋಡಿ, ಮತ್ತೊಂದು ಸಲ ಎಳೆದು ನೋಡಿ.

ಮಾತ್ರೆ ತಂದ. ಅವಳು ಮಂಚದಲ್ಲೇ ಇದ್ದಳು. ಆದರೆ ಇರಲಿಲ್ಲ.

ಅದಾಗಿ ಮೂರು ತಿಂಗಳಿಗೆ ನಡೆದದ್ದನ್ನು ಈಗ ಹೇಳೋದು. ಉಪ್ಪು ಖಾರ ಸೇರಿಸಿಲ್ಲ. ನಡೆದ ಹಾಗೇ ಹೇಳೋದು.

ಟೇಪಣ್ಣ ಅಂದರೆ ಟೇಪು ರಿಪೇರಿಯವನು. ಓದಿದ್ದು ನಾಲ್ಕನೇ ಕ್ಲಾಸು. ಸೋದರಮಾವನ ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತ. ಹಳೇ ಟೇಪಿನ ಸುರುಳಿ ತಂದುಕೊಟ್ಟರೆ ಒರೆಸಿ, ಅಂಟಿಸಿ, ಸದ್ದು ತಿಳಿಮಾಡಿ, ಇದು ಯಾವ ವರ್ಷದ್ದು ಅಂತಲೂ ಹೇಳುತ್ತಿದ್ದ. ಆ ಕೆಲಸಕ್ಕೆ ಅವನಷ್ಟು ಕಿವಿ ಯಾರಿಗೂ ಇರಲಿಲ್ಲ.

ಆ ದಿನ ಡ್ರಮ್ಮಿನ ಮುದುಕ ಹೇಳಿಕಳಿಸಿದ್ದ. ಹಿಂದೆ ಹದಿನೇಳು ಜನರ ದೊಡ್ಡ ಜಾಜ್ ಬ್ಯಾಂಡೊಂದಿತ್ತು. ಐದು ಸ್ಯಾಕ್ಸೋಫೋನು, ನಾಲ್ಕು ಟ್ರಂಪೆಟ್ಟು, ನಾಲ್ಕು ಟ್ರಾಂಬೋನು, ಪಿಯಾನೋ, ಗಿಟಾರು, ಆಳೆತ್ತರದ ಬೇಸು, ಡ್ರಮ್ಮು. ಶನಿವಾರ ಶನಿವಾರ ಊರಿನ ಡ್ಯಾನ್ಸ್ ಹಾಲಿನಲ್ಲಿ ನುಡಿಸುತ್ತಿದ್ದರು, ಜನ ಕುಣಿಯುತ್ತಿದ್ದರು. ಹದಿನೇಳರಲ್ಲಿ ಹದಿನಾರು ಜನ ಹೋದರು. ಉಳಿದವನು ಡ್ರಮ್ಮಿನವನೊಬ್ಬ. ಎಂಬತ್ತಾರು ವರ್ಷ.

"ಹದಿನಾಲ್ಕು ಡಬ್ಬಿ ಇದೆ ನೋಡಯ್ಯಾ," ಅಂದ ಮುದುಕ. "ಎಲ್ಲಾ ಹಾಲಿನಲ್ಲೇ ಹಿಡಿದದ್ದು. ತಾರೀಕು ಒಂದಕ್ಕೂ ಇಲ್ಲ. ಯಾವುದು ಯಾವಾಗಿನದು ಅಂತ ಬರೆದುಕೊಡು. ಬೇಡದ ಸದ್ದು ತೆಗೆದುಬಿಡು. ನಾನು ಸಾಯೋದರೊಳಗೆ ಆಗಬೇಕು."

"ಎಷ್ಟು ದಿನ ಟೈಮು ಕೊಡ್ತೀರಿ ಯಜಮಾನ್ರೇ?"

"ಅದನ್ನ ನನ್ನ ಕೇಳಿದರೆ? ಮೇಲಿನವನನ್ನ ಕೇಳು."

ಟೇಪಣ್ಣ ನಕ್ಕ. ಮೂರು ತಿಂಗಳಲ್ಲಿ ಮೊದಲನೇ ಸಲ.

ಎರಡು ಚೀಲದಲ್ಲಿ ಡಬ್ಬಿ ಹೊತ್ತು ಹೊರಟಾಗ ಹನ್ನೊಂದು ಹೊಡೆದಿತ್ತು. ಬೀದಿ ತಿರುವಿನಲ್ಲಿ ಒಂದು ಹಳೇ ಬಾವಿ. ನೀರು ಕೆಟ್ಟಿತು ಅಂತ ಮೇಲೆ ಹಲಗೆ ಹೊಡೆದು ಮುಚ್ಚಿದ್ದರು. ಬಾವಿ ದಾಟಿದ... ಹಿಂದೆ ಸದ್ದು. ಸರ್... ಸರ್... ಚಪ್ಪಲಿ ಎಳೆದು ನಡೆಯುವ ಸದ್ದು. ನಿಂತ. ಅದೂ ನಿಂತಿತು. ನಡೆದ. ಸರ್... ಸರ್... ಹತ್ತು ಹೆಜ್ಜೆ ಹಿಂದೆ.

ಬೇರೆಯವರಾದರೆ ಓಟ ಕೀಳುತ್ತಿದ್ದರು. ಟೇಪಣ್ಣನಿಗೆ ಹೆದರಿಕೆ ಆಗಲಿಲ್ಲ. ತಿರುಗದೆ, ಮೆಲ್ಲಗೆ ಕೇಳಿದ.

"ಬಂದ್ಯಾ?"

ತಿರುಗಿ ನೋಡಿದ. ಬೀದಿ ಖಾಲಿ.

ಮೂರು ತಿಂಗಳಿಂದ ಅವನು ಕಾಯುತ್ತಿದ್ದದ್ದೇ ಅದಕ್ಕೆ. ಬರ್ತೀನಿ ಅಂದವಳು ಬರಬೇಕಲ್ಲ? ರಾತ್ರಿ ಬಾಗಿಲಿಗೆ ಚಿಲಕ ಹಾಕುವ ಮುಂಚೆ ಅರೆಗಳಿಗೆ ನಿಲ್ಲುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತಲೆ ಕೆಟ್ಟಿದೆ ಅಂತಾರೆ.

ಕೆಲಸ ಶುರುವಾಯಿತು. ಅವನ ಕೋಣೆ ಹತ್ತಡಿ ಉದ್ದ, ಎಂಟಡಿ ಅಗಲ. ಸದ್ದು ಒಳಗೆ ಬಾರದಿರಲಿ ಅಂತ ಗೋಡೆಗೆಲ್ಲ ಹಳೇ ರಜಾಯಿ ಹೊಡೆದಿದ್ದ. ಕೆಲಸ ರಾತ್ರಿಯೇ, ಹಗಲು ಲಾರಿಗಳ ಕಾಟ. ಮಾವ ಕಲಿಸಿದ ಕಟ್ಟಳೆ ಒಂದಿತ್ತು. ಹಳೇ ಟೇಪಿಗೆ ಒಂದೇ ಓಟ. ಓಡಿದಷ್ಟೂ ಕಂದು ಪುಡಿ ಉದುರುತ್ತೆ, ಪುಡಿಯ ಜೊತೆ ಹಾಡೂ ಉದುರುತ್ತೆ. ಅದಕ್ಕೆ ಮೊದಲು ಮೈಕಿನಲ್ಲಿ ಡಬ್ಬಿಯ ನಂಬರು ಹೇಳೋದು, ಒಂದೇ ಸಲ ಓಡಿಸಿ ಹೊಸ ಟೇಪಿಗೆ ಇಳಿಸಿಕೊಳ್ಳೋದು. ಇಳಿಸುವಾಗ ಸ್ಪೀಕರು ಹಾಕುವಂತಿಲ್ಲ. ಉಸಿರು ಹಿಡಿದು ಮೀಟರಿನ ಮುಳ್ಳು ನೋಡುತ್ತಾ ಕೂರಬೇಕು. ಕೇಳೋದು, ಕತ್ತರಿಸೋದು ಎಲ್ಲ ಆಮೇಲೆ, ಹೊಸ ಟೇಪಿನಲ್ಲಿ, ಹೆಡ್‌ಫೋನು ಹಾಕಿಕೊಂಡು.

ಮೊದಲ ನಾಲ್ಕು ಡಬ್ಬಿ ಸಲೀಸು. ಟೇಪಿನೊಳಗೆ ಹಾಲಿನ ಫ್ಯಾನು ಕಿರ್... ಕಿರ್... ಅನ್ನುತ್ತಿತ್ತು, ಅಂದರೆ ಅದಕ್ಕೆ ಎಣ್ಣೆ ಬಿಡುವ ಮೊದಲಿನ ವರ್ಷ. ಪಿಯಾನೋದ ಒಂದು ಮನೆ, ಅಂದರೆ ಬೆರಳಲ್ಲಿ ಒತ್ತುವ ಕೀ, ಸತ್ತಿತ್ತು, ಒತ್ತಿದರೆ ಸ್ವರ ಬರದೆ ಟೊಕ್ ಅನ್ನುತ್ತಿತ್ತು. ಅದನ್ನು ಯಾವ ವರ್ಷ ರಿಪೇರಿ ಮಾಡಿಸಿದರು ಅಂತ ಮುದುಕನಿಗೆ ನೆನಪಿತ್ತು. ಹೀಗೆ ಒಂದೊಂದು ಸದ್ದು ಹಿಡಿದು ವರ್ಷ ಕಟ್ಟೋದು.

ಐದನೇ ಡಬ್ಬಿಯಲ್ಲಿ ಗಿಳಿ ಬಂದ.

ಗಿಳಿ ಅಂದರೆ ಎರಡನೇ ಟ್ರಂಪೆಟ್ಟಿನವನು. ಮೂಗು ಗಿಳಿಯ ಕೊಕ್ಕು, ಅದಕ್ಕೇ ಆ ಹೆಸರು. ಟೇಪಣ್ಣ ಅವನ ಮುಖ ಸರಿಯಾಗಿ ನೋಡಿದವನಲ್ಲ. ಆದರೆ ಊದುವ ಸದ್ದಿನ ಗುರುತಿತ್ತು. ಯಾಕೆಂದರೆ ಟೇಪಣ್ಣನ ಹೆಂಡತಿ ಮದುವೆಗೆ ಮುಂಚೆ ಆ ಹಾಲಿನಲ್ಲೇ ಕೆಲಸಕ್ಕಿದ್ದಳು. ಹಿಂಭಾಗದ ಕಿಟಕಿಯಲ್ಲಿ ನಿಂತು ಬಂದವರ ಕೋಟು, ಛತ್ರಿ ಇಸಕೊಂಡು ಬಿಲ್ಲೆ ಕೊಡುವ ಕೆಲಸ. ಲೌಡ್‌ಸ್ಪೀಕರು ರಿಪೇರಿಗೆ ಹೋದ ಟೇಪಣ್ಣ ಛತ್ರಿ ಕೊಟ್ಟು ಹೆಂಡತಿ ಪಡೆದ ಅಂತ ನೆಂಟರು ಆಡಿಕೊಳ್ಳುತ್ತಿದ್ದರು. ಮದುವೆಯಾದ ಮೇಲೆ ಹಾಲಿನ ಮೆಟ್ಟಿಲು ತುಳಿದಿಲ್ಲ ಅಂತ ಅವಳು ಹೇಳುತ್ತಿದ್ದಳು. ಗಿಳಿಯ ಮಾತು ಎತ್ತಿದ್ದು ಒಂದೇ ಸಲ. ಒಲೆ ಮುಂದೆ ನಿಂತು, ತನ್ನ ಪಾಡಿಗೆ ತಾನು ಅಂದಿದ್ದಳು.

"ಗಿಳಿ ಊದ್ತಿದ್ದರೆ ಛತ್ರಿ ಮಡಚೋದೇ ಮರೆತುಹೋಗ್ತಿತ್ತು ಕಣ್ರೀ."

ಮೂವತ್ತಾರು ವರ್ಷದಲ್ಲಿ ಒಂದೇ ಒಂದು ಮಾತು. ಟೇಪಣ್ಣನ ಒಳಗೆ ಅದು ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ನುಂಗೋಕಾಗದು, ಉಗುಳೋಕಾಗದು.

ಆಮೇಲೆ ಗಿಳಿ ಕಾಯಿಲೆ ಬಿದ್ದು ಸತ್ತ. ಸತ್ತವನ ಮೇಲೆ ಏನು ಹೊಟ್ಟೆಕಿಚ್ಚು ಅಂತೀರಾ? ಬದುಕಿದ್ದವನಾದರೆ ಒಂದು ದಿನ ಮುದುಕನಾಗ್ತಾನೆ. ಹಲ್ಲು ಬೀಳುತ್ತೆ, ಊದೋಕಾಗಲ್ಲ. ಸತ್ತವನಿಗೆ ಹಲ್ಲು ಬೀಳಲ್ಲ.

ಐದನೇ ಡಬ್ಬಿಯಲ್ಲಿ ಗಿಳಿ ಎದ್ದು ಒಬ್ಬನೇ ಊದಿದ. ಚೆನ್ನಾಗಿತ್ತು. ಅದೇ ಕಷ್ಟ. ಊದಿ ಮುಗಿಸಿದ. ಚಪ್ಪಾಳೆ ಬಿತ್ತು, ಭರ್ರ್ ಅಂತ, ತಗಡಿನ ಮೇಲೆ ಕಾಳು ಸುರಿದ ಹಾಗೆ. ಕಡಿಮೆಯಾಯಿತು. ನಿಂತಿತು. ಆಮೇಲೆ...

ಡಬ್.

ಒಂದೇ ಒಂದು.

ಟೇಪಣ್ಣ ಹೆಡ್‌ಫೋನು ಕಿವಿಗೆ ಒತ್ತಿಕೊಂಡ. ಟೇಪು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದ. ಡಬ್.

ಅವನ ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದದ್ದು ಹಾಗೆ. ಅಂಗೈ ಬಟ್ಟಲು ಮಾಡಿ ತಟ್ಟುವಳು, ಅದಕ್ಕೆ ಠಪ್ ಅನ್ನದೆ ಡಬ್ ಅನ್ನುವುದು. ಯಾವಾಗಲೂ ತಡ. ಕೈಯಲ್ಲಿನ ಛತ್ರಿ ಕೆಳಗಿಟ್ಟು ತಟ್ಟುವಷ್ಟರಲ್ಲಿ ಎಲ್ಲರದೂ ಮುಗಿದಿರುತ್ತಿತ್ತಂತೆ. ಕೈಗೆ ಅದೇ ರೂಢಿಯಾಯಿತು. ಮದುವೆ ಮನೆಯಾಗಲಿ, ಸ್ಕೂಲಿನ ಕಾರ್ಯಕ್ರಮವಾಗಲಿ, ಎಲ್ಲರೂ ನಿಲ್ಲಿಸಿದ ಮೇಲೆ ಅವಳದೊಂದು. ಜನ ತಿರುಗಿ ನೋಡೋರು. ಅವನಿಗೆ ನಾಚಿಕೆ ಆಗೋದು. ಈಗ ಆ ನಾಚಿಕೆಗೂ ಬರಗಾಲ.

ಆರನೇ ಡಬ್ಬಿ. ಗಿಳಿ ಊದಿದ. ಡಬ್. ಏಳನೇದು. ಡಬ್. ಸ್ಯಾಕ್ಸೋಫೋನಿನವನು ಊದಿದರೆ ಇಲ್ಲ. ಪಿಯಾನೋಗೆ ಇಲ್ಲ. ಗಿಳಿಗೆ ಮಾತ್ರ.

ಇರಲಿ, ಮದುವೆಗೆ ಮುಂಚಿನ ಮಾತು ಅಂತ ಮನಸ್ಸಿಗೆ ಹೇಳಿಕೊಂಡ. ಒಂಬತ್ತನೇ ಡಬ್ಬಿ ಬಂತು. ಆ ಪಿಯಾನೋದ ಸತ್ತ ಮನೆ ಅದರಲ್ಲಿ ಟೊಕ್ ಅನ್ನಲಿಲ್ಲ. ಸ್ವರ ಬಂತು. ಅಂದರೆ ರಿಪೇರಿ ಆದ ಮೇಲಿನದು. ಟೇಪಣ್ಣ ಬೆರಳು ಮಡಚಿ ಎಣಿಸಿದ. ಅವರ ಮದುವೆಯಾಗಿ ಎರಡು ವರ್ಷ ಆಗಿತ್ತು ಆಗ.

ಗಿಳಿ ಊದಿದ. ಎಲ್ಲರೂ ತಟ್ಟಿದರು. ನಿಲ್ಲಿಸಿದರು.

ಡಬ್.

ಮೆಟ್ಟಿಲು ತುಳಿದಿಲ್ಲ ಅಂದಿದ್ದಳಲ್ಲ! ಆಗೆಲ್ಲ ಶನಿವಾರ ರಾತ್ರಿ ಅವನು ಮಾವನ ಅಂಗಡಿಯಲ್ಲಿ ಕೆಲಸಕ್ಕೆ ಕೂರುತ್ತಿದ್ದ. ಮನೆಯಲ್ಲಿ ಅವಳೊಬ್ಬಳೇ. ಹೆಂಡತಿಗಾಗಿ ಅತ್ತ ಕಣ್ಣು ಒಣಗಿರಲಿಲ್ಲ, ಅದೇ ಕಣ್ಣಲ್ಲಿ ಕಿಡಿ.

ಬೇಡದ ಸದ್ದು ತೆಗೆದುಬಿಡು ಅಂದಿದ್ದನಲ್ಲ ಮುದುಕ? ಟೇಪಣ್ಣ ಬ್ಲೇಡು ತೆಗೆದ. ಹೊಸ ಟೇಪಿನಲ್ಲಿ ಆ ಡಬ್ ಇರುವ ನಾಲ್ಕು ಬೆರಳಗಲದ ತುಂಡು ಕತ್ತರಿಸಿದ. ಎರಡು ತುದಿ ಅಂಟಿಸಿದ. ತುಂಡನ್ನು ತಗಡಿನ ಮುಚ್ಚಳದಲ್ಲಿ ಹಾಕಿ ಕಡ್ಡಿ ಗೀರಿದ. ಚುರ್ರ್... ಅಂತ ಮುದುಡಿಕೊಂಡಿತು. ಐದರಿಂದ ಎಂಟರವರೆಗಿನದನ್ನೂ ಹುಡುಕಿ ಕತ್ತರಿಸಿ ಸುಟ್ಟ. ಆಮೇಲೆ ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ರಾತ್ರಿಗೊಂದು. ಒಟ್ಟು ಒಂಬತ್ತು ತುಂಡು.

ಹದಿಮೂರನೇದನ್ನು ಸುಟ್ಟ ರಾತ್ರಿಯೇ ಹದಿನಾಲ್ಕನೇ ಡಬ್ಬಿ ಇಳಿಸಿಕೊಂಡ. ಕೊನೇದು. ಇನ್ನೂ ಹೊಗೆ ವಾಸನೆ ಹೋಗಿರಲಿಲ್ಲ. ಇಳಿಸುವುದು ಮುಗಿಯಿತು, ಮಲಗಿದ. ಮರುದಿನ ರಾತ್ರಿ ಹೆಡ್‌ಫೋನು ಹಾಕಿ ಕೂತ.

ಬ್ಯಾಂಡು ಶುರುವಾಯಿತು. ಗಿಳಿ ಎದ್ದ. ಊದಿದ. ಚಪ್ಪಾಳೆ. ಮೌನ. ಡಬ್. ಟೇಪಣ್ಣ ಬ್ಲೇಡಿಗೆ ಕೈ ಚಾಚಿದ...

ಅಷ್ಟರಲ್ಲಿ ಆ ಬ್ಯಾಂಡಿನ ನಡುವೆ, ಟ್ರಾಂಬೋನುಗಳ ಸದ್ದಿನ ಹಿಂದೆ, ಟಕ್ ಟಕ್ ಅಂತ ಬಾಗಿಲು ಬಡಿದ ಸದ್ದು. ಆಮೇಲೆ ಒಬ್ಬ ಗಂಡಸಿನ ದನಿ.

"ಟೇಪಣ್ಣಾ... ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ."

ಟೇಪಣ್ಣನ ಕೈ ಅಲ್ಲೇ ನಿಂತಿತು. ಅದು ಕೆಳಗಿನ ಮನೆ ದರ್ಜಿಯ ದನಿ. ಮೂವತ್ತಮೂರು ವರ್ಷದ ಹಿಂದಿನ ಹಾಲಿನಲ್ಲಿ, ಹದಿನೇಳು ಜನರ ನಡುವೆ, ದರ್ಜಿ! ಆ ವರ್ಷ ದರ್ಜಿ ಚಡ್ಡಿ ಹಾಕಿಕೊಂಡು ಎರಡನೇ ಕ್ಲಾಸಿಗೆ ಹೋಗುತ್ತಿದ್ದ.

ಹಿಂದೆಯೇ ಇನ್ನೊಂದು ದನಿ. ಅವನದೇ.

"ಏನಿಲ್ಲ, ಹೋಗಿ ಮಲಕ್ಕೋ."

ಹೌದು... ನಿನ್ನೆ ರಾತ್ರಿ ದರ್ಜಿ ಬಂದಿದ್ದ. ಬಾಗಿಲು ತಟ್ಟಿ ಇದೇ ಮಾತು ಕೇಳಿದ್ದ. ಅವನು ಇದೇ ಉತ್ತರ ಕೊಟ್ಟಿದ್ದ.

ಟೇಪಣ್ಣ ಮೆಲ್ಲಗೆ ತಲೆ ತಿರುಗಿಸಿ ಮೈಕಿನ ಗುಂಡಿ ನೋಡಿದ. ತೆರೆದಿತ್ತು.

ಡಬ್ಬಿಯ ನಂಬರು ಹೇಳಿದ ಕೂಡಲೇ ಮೈಕು ಮುಚ್ಚಬೇಕು. ಇಲ್ಲದಿದ್ದರೆ ಕೋಣೆಯ ಸದ್ದೆಲ್ಲ ಟೇಪಿನ ಹಾಡಿನ ಜೊತೆ ಸೇರಿ ಹೊಸ ಟೇಪಿಗೆ ಇಳಿದುಬಿಡುತ್ತೆ. ಈ ಕಸುಬಿನ ಮೊದಲನೇ ಪಾಠ. ಅವನು ಎಂದೂ ಮರೆತವನಲ್ಲ... ಅಲ್ಲ, ಎಂದೂ ನೆನಪಿಟ್ಟುಕೊಂಡವನಲ್ಲ. ಬಾಗಿಲ ಹತ್ತಿರದಿಂದ ಅವಳು ಹೇಳುತ್ತಿದ್ದಳು, "ರೀ, ಮೈಕು." ಅವನು ಮುಚ್ಚುತ್ತಿದ್ದ. ಮೂರು ತಿಂಗಳಿಂದ ಹೇಳುವವರಿಲ್ಲ. ಹದಿನಾಲ್ಕು ಡಬ್ಬಿಯೂ ಮೈಕು ತೆರೆದೇ ಇಳಿದಿದ್ದವು.

ಇನ್ನೊಂದು ಕಂಡಿತು. ಅವನು ಮೈಕನ್ನು ತನ್ನ ಬಾಯಿಗೆ ಎದುರಾಗಿ ಇಡುತ್ತಿದ್ದ. ಈಗ ಅದರ ಮೂತಿ ಅವನ ಹೆಗಲು ದಾಟಿ ಹಿಂದಕ್ಕೆ ತಿರುಗಿತ್ತು.

ಮಾವನ ಕಟ್ಟಳೆ ಮುರಿದ. ಹದಿಮೂರನೇ ಹಳೇ ಟೇಪು ಎರಡನೇ ಸಲ ಓಡಿಸಿದ. ಕಂದು ಪುಡಿ ಉದುರಿತು. ಗಿಳಿ ಊದಿದ. ಚಪ್ಪಾಳೆ ಬಿತ್ತು, ಕಡಿಮೆಯಾಯಿತು, ನಿಂತಿತು.

ಅಷ್ಟೇ. ಆಮೇಲೆ ಏನೂ ಇಲ್ಲ.

ಒಂಬತ್ತನೇದು ಹಾಕಿದ. ಅದರಲ್ಲೂ ಇಲ್ಲ. ಅವಳು ಹಾಲಿಗೆ ಹೋಗಿರಲೇ ಇಲ್ಲ. ಸುಳ್ಳು ಹೇಳಿರಲಿಲ್ಲ. ಅವಳು ಈ ಕೋಣೆಯಲ್ಲಿದ್ದಳು. ಅವನ ಬೆನ್ನ ಹಿಂದೆ. ಹತ್ತು ರಾತ್ರಿ ಬಂದು ನಿಂತು, ಹತ್ತು ಸಲ ತಟ್ಟಿದ್ದಳು. ಅವನ ಕಿವಿಗೆ ಬೀಳದ್ದು ಮೈಕಿಗೆ ಬಿದ್ದಿತ್ತು. ಹತ್ತರಲ್ಲಿ ಒಂಬತ್ತನ್ನು ಅವನು ಕತ್ತರಿಸಿ ಸುಟ್ಟಿದ್ದ.

ತಗಡಿನ ಮುಚ್ಚಳದಲ್ಲಿ ಕರಕಲು ಇತ್ತು. ಬೆರಳಿಂದ ಮುಟ್ಟಿ ನೋಡಿದ. ಪುಡಿಯಾಯಿತು. ಗೋಡೆಗೆ ತಲೆ ಆನಿಸಿ ಬಹಳ ಹೊತ್ತು ಕೂತ. ಹೆಂಡತಿ ಕಳಕೊಂಡವನಿಗೆ ಇನ್ನೊಂದು ಸಲ ಕಳಕೊಳ್ಳೋಕೆ ಏನಿರುತ್ತೆ ಅಂತ ಜನ ಕೇಳ್ತಾರೆ. ಇರುತ್ತೆ.

ಆದರೆ ನೋಡಿ, ಹೊಟ್ಟೆಕಿಚ್ಚು ಅನ್ನೋದು ಅಷ್ಟು ಸುಲಭಕ್ಕೆ ಆರೋದಲ್ಲ. ಅಳು ನಿಂತ ಮೇಲೆ ಮತ್ತೆ ಹೊಗೆ ಎದ್ದಿತು. ಬಂದಿದ್ದಾಳೆ, ಸರಿ. ಬಂದದ್ದು ಯಾರಿಗೆ? ತಟ್ಟಿದ್ದು ಯಾರಿಗೆ? ಮೊದಲ ನಾಲ್ಕು ಡಬ್ಬಿ ಇಳಿಸುವಾಗಲೂ ಅವನು ಇಲ್ಲೇ ಕೂತಿದ್ದ. ಆಗ ಒಂದೂ ತಟ್ಟಲಿಲ್ಲ. ಗಿಳಿ ಬಾಯಿ ಇಟ್ಟ ಮೇಲೇ ತಟ್ಟಿದ್ದು. ಸತ್ತ ಮೇಲೂ ಅವಳಿಗೆ ಆ ಮೂಗಿನವನೇ ಬೇಕಾ?

ಕೇಳಿಯೇಬಿಡೋಣ ಅಂದುಕೊಂಡ.

ಹೊಸ ಟೇಪು ಹಾಕಿದ. ಹಳೇ ಟೇಪಿನ ಯಂತ್ರ ಆರಿಸಿದ. ಮೈಕು ತೆರೆದ. ಅದರ ಮೂತಿ ಮುಟ್ಟಲಿಲ್ಲ, ಹಿಂದಕ್ಕೆ ತಿರುಗಿದ ಹಾಗೇ ಬಿಟ್ಟ. ತಾನೂ ತಿರುಗಿ ನೋಡಲಿಲ್ಲ.

"ಇದ್ದೀಯೇನೇ?"

ರಜಾಯಿ ಹೊಡೆದ ಗೋಡೆ ಅವನ ಮಾತನ್ನು ನುಂಗಿಕೊಂಡಿತು.

"ಅವನಿಗೆ ಹತ್ತು ತಟ್ಟಿದೆ... ನನಗೆ?"

ಏನೂ ಇಲ್ಲ. ಟೇಪು ಸುರ್... ಅಂತ ತಿರುಗುತ್ತಿತ್ತು.

ಟೇಪಣ್ಣನಿಗೆ ಹಾಡು ಬಾರದು. ಬರೋದು ಒಂದು ಶಿಳ್ಳೆ. ಬೆಸುಗೆ ಹಾಕುವಾಗ ತಾನೇ ತಾನಾಗಿ ಬಾಯಿಂದ ಹೊರಡುತ್ತಿತ್ತು. ರಾಗ ಇಲ್ಲ, ತಾಳ ಇಲ್ಲ. ಗಾಳಿ ಹೋಗೋ ಸೈಕಲ್ ಟ್ಯೂಬು ಅಂತ ಅವಳು ನಗುತ್ತಿದ್ದಳು. ಈಗ ಮುಂದಿನ ಹಲ್ಲೆರಡು ಬೇರೆ ಹೋಗಿವೆ. ಆದರೂ ತುಟಿ ಒದ್ದೆ ಮಾಡಿಕೊಂಡ. ಶಿಳ್ಳೆ ಹಾಕಿದ. ಅರ್ಧ ಸ್ವರ, ಅರ್ಧ ಗಾಳಿ. ನಡುವೆ ಒಂದು ಸಲ ದನಿ ನಡುಗಿ ನಿಂತುಹೋಯಿತು. ಮತ್ತೆ ಹಿಡಿದ. ಮುಗಿಸಿದ. ಸುಮ್ಮನೆ ಕೂತ. ಕೋಣೆಯಲ್ಲಿ ಅವನ ಉಸಿರು ಬಿಟ್ಟು ಬೇರೆ ಸದ್ದಿರಲಿಲ್ಲ.

ಟೇಪು ಹಿಂದಕ್ಕೆ ಸುತ್ತಿದ. ಹೆಡ್‌ಫೋನು ಹಾಕಿದ.

ಅವನ ಮಾತು ಬಂತು. ಶಿಳ್ಳೆ ಬಂತು. ನಡುಗಿದ್ದು ಬಂತು. ಮುಗಿಯಿತು.

ಮೌನ.

ಒಂದು ಉಸಿರು... ಎರಡು... ಮೂರು... ನಾಲ್ಕು...

ಸರಿ, ಇಷ್ಟೇ ನನ್ನ ಯೋಗ ಅಂದುಕೊಂಡು ಟೇಪು ನಿಲ್ಲಿಸೋಕೆ ಕೈ ಚಾಚಿದ.

ಡಬ್.

ಆ ರಾತ್ರಿ ಅವನು ಅದನ್ನು ಎಷ್ಟು ಸಲ ಕೇಳಿದನೋ ಲೆಕ್ಕವಿಲ್ಲ. ಬೆಳಗಾಯಿತು. ಮುಖ ತೊಳೆದು, ಡ್ರಮ್ಮಿನ ಮುದುಕನ ಮನೆಗೆ ಹೋಗಿ ಹದಿನಾಲ್ಕು ಡಬ್ಬಿಯನ್ನೂ ತಾರೀಕಿನ ಸಮೇತ ಒಪ್ಪಿಸಿದ. ಹದಿನಾಲ್ಕನೇದನ್ನು ಇನ್ನೊಂದು ಸಲ ಇಳಿಸಿಕೊಡ್ತೀನಿ, ಅದರಲ್ಲಿ ದರ್ಜಿ ಸೇರಿಕೊಂಡಿದ್ದಾನೆ ಅಂದ. ಆಮೇಲೆ ಚೀಲದಿಂದ ಇನ್ನೊಂದು ಸುರುಳಿ ತೆಗೆದ.

"ಯಜಮಾನ್ರೇ, ಇದೊಂದು ಕೇಳಿ. ನನಗೆ ಮಾತ್ರ ಕೇಳಿಸ್ತಿದೆಯೋ ಏನೋ ಅಂತ."

ಮುದುಕ ಯಂತ್ರಕ್ಕೆ ಹಾಕಿಸಿ, ಕಣ್ಣು ಮುಚ್ಚಿ ಕೇಳಿದ.

"ಶಿಳ್ಳೆ ಯಾರದು?"

"ನಂದು."

"ಗೊತ್ತಾಗುತ್ತೆ. ಬೇರೆಯವರಾಗಿದ್ದರೆ ನಡುವೇನೇ ನಿಲ್ಲಿಸಿರೋರು."

ಡಬ್ ಅಂದಿತು. ಮುದುಕ ಕಣ್ಣು ತೆರೆದ. ಹಿಂದಕ್ಕೆ ಸುತ್ತು ಅಂದ. ಮತ್ತೆ ಕೇಳಿದ. ಕಿವಿ ಯಂತ್ರಕ್ಕೆ ತಾಗಿಸಿ ಮೂರನೇ ಸಲ ಕೇಳಿದ.

"ಇದನ್ನ ಎಲ್ಲಿ ಹಿಡಿದೆ?"

"ನನ್ನ ಕೋಣೇಲಿ. ನಿನ್ನೆ ರಾತ್ರಿ."

"ಶಿಳ್ಳೆ ನಿನ್ನ ಕೋಣೇದೇ. ಚಪ್ಪಾಳೆ ಅಲ್ಲ." ಮುದುಕನ ದನಿ ಇಳಿಯಿತು. "ಅದರ ಬಾಲ ಕೇಳು. ಹೋಗಿ ಹಿಂದಿನ ಗೋಡೆಗೆ ಬಡಿದು, ಛಾವಣಿಗೆ ತಾಗಿ, ತಡವಾಗಿ ವಾಪಸ್ಸು ಬರ್ತಿದೆ. ಆ ಮಾರ್ದನಿ ನಮ್ಮ ಹಾಲಿಂದು. ಹನ್ನೊಂದು ವರ್ಷ ನನ್ನ ತಾಳ ಕೆಡಿಸಿದ ಮಾರ್ದನಿ, ನನಗೆ ತಿಳೀದಾ? ಯಾರೋ ಹಾಲಿನ ಹಿಂದಿನ ಕಿಟಕಿ ಹತ್ತಿರ ನಿಂತು ತಟ್ಟಿದ್ದಾರೆ."

ಆ ಹಾಲನ್ನು ಕೆಡವಿ ಇಪ್ಪತ್ತೆರಡು ವರ್ಷ. ಈಗ ಅಲ್ಲಿ ಬಸ್ಸು ನಿಲ್ಲಿಸ್ತಾರೆ.

ಟೇಪಣ್ಣ ಯಂತ್ರದಿಂದ ಸುರುಳಿ ಬಿಚ್ಚಿಕೊಂಡ.

"ಹಾಗಾದರೆ ಗಿಳೀನೂ ಅಲ್ಲೇ ಇದ್ದಾನಾ?"

"ಅದು ನನಗೆ ಹೇಗಯ್ಯಾ ಗೊತ್ತು?"

"ಇದ್ದರೆ ಇರಲಿ," ಅಂದ ಟೇಪಣ್ಣ. "ಇದನ್ನ ತಟ್ಟಿದ್ದು ನನಗೆ. ಅವನೂ ಕೇಳಿಸಿಕೊಳ್ಳಲಿ."

ಮುದುಕನ ಹತ್ತಿರ ಪೆನ್ಸಿಲು ಇಸಕೊಂಡ. ಆ ಸುರುಳಿಯ ಡಬ್ಬಿಯ ಮೇಲಿನ ಚೀಟಿಯಲ್ಲಿ ತಾರೀಕು ಅಂತಿರುವ ಕಡೆ ಹಿಂದಿನ ದಿನದ ತಾರೀಕು ಬರೆದ. ಕೆಳಗೆ ಸ್ಥಳ ಅಂತಿತ್ತು. ಪೆನ್ಸಿಲು ಅಲ್ಲಿಟ್ಟು ಬಹಳ ಹೊತ್ತು ಯೋಚಿಸಿದ. ಆಮೇಲೆ ಹಾಗೇ ಖಾಲಿ ಬಿಟ್ಟು, ಡಬ್ಬಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದ.

ನಡೆದದ್ದೇ ಇದು. ದರ್ಜಿ ಇನ್ನೂ ಇದ್ದಾನೆ, ಬೇಕಾದರೆ ಕೇಳಿ ನೋಡಿ. ಆ ಡಬ್ಬಿಯೂ ಇದೆ. ಸ್ಥಳದ ಮುಂದೆ ಇವತ್ತಿಗೂ ಏನೂ ಬರೆದಿಲ್ಲ.